ಯಾರ ಸೊಂಟಕ್ಕೆ ಹೊಲಿದ ಪಟ್ಟಿ?

30 ವರ್ಷಗಳಿಂದ ನನ್ನ ಕೊರಳಲ್ಲಿ ತಾಳಿಯ ಜೊತೆಗೆ ಇನ್ನೊಂದು ಸರ ತೂಗಾಡುತ್ತಿದೆ. ಅದು ಅಳತೆಯ ಟೇಪು. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಸಾಕಿತು ಎಂದು ಕೇಳಬೇಡಿ, ಯಜಮಾನರಿಗೆ ಬೇಸರವಾದೀತು. ಪೇಟೆಬೀದಿಯ ಒಂದು ಪುಟ್ಟ ಮಳಿಗೆಯಲ್ಲಿ ರವಿಕೆ, ಚೂಡಿದಾರ, ಶಾಲೆಯ ಸಮವಸ್ತ್ರ ಹೊಲಿಯುತ್ತ, ನಾಲ್ಕು ಹುಡುಗಿಯರಿಗೆ ಹೊಲಿಗೆ ಕಲಿಸುತ್ತ ಬಂದವಳು ನಾನು. ಇಷ್ಟು ವರ್ಷದಲ್ಲಿ ಕಲಿತ ಪಾಠ ಒಂದೇ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಬಾರದು. ಹಾಕಿದ ಮೇಲೆ ರವಿಕೆ ಬಿಗಿಯಾದರೆ ತಪ್ಪು ಬಟ್ಟೆಯದಲ್ಲ, ತೊಟ್ಟವಳ ಮೈಯದಂತೂ ಅಲ್ಲವೇ ಅಲ್ಲ. ಕತ್ತರಿ ಹಿಡಿದವರದು.

ಇಷ್ಟು ಸರಳವಾದ ಮಾತನ್ನು ಇಡೀ ಒಂದು ಇಲಾಖೆಗೆ ಹೇಳಿಕೊಡಬೇಕಾಗಿ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ನನ್ನ ತಂಗಿಯ ಮಗಳು ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಅವಳ ಹೆಸರು ಇಲ್ಲಿ ಬೇಡ, ಮನೆಯಲ್ಲಿ ನಾವು ಕರೆಯುವಂತೆ ಪುಟ್ಟಿ ಎಂದೇ ಇರಲಿ. ಗಣಪತಿ ವಿಸರ್ಜನೆಯ ಬಂದೋಬಸ್ತೆಲ್ಲ ಮುಗಿಸಿ, ಎಲ್ಲರ ಮನೆಯ ಗೌರಿ ಹಬ್ಬ ಹಳಸಿದ ಮೇಲೆ ಒಂದು ದಿನದ ರಜೆ ಸಿಕ್ಕಿತೆಂದು ಬಂದಳು. ಬಾಗಿನ ತೆಗೆದುಕೊಂಡಳು, ಎರಡು ಕಡುಬು ತಿಂದಳು. ಆಮೇಲೆ ಚೀಲದಿಂದ ಅಗಲವಾದ ಚರ್ಮದ ಬೆಲ್ಟೊಂದನ್ನು ತೆಗೆದು ನನ್ನ ಕತ್ತರಿಸುವ ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು. ಬೆಲ್ಟಿನ ಬಲಗಡೆ ಪಿಸ್ತೂಲು ಇಡುವ ಚೀಲ. ಅದಕ್ಕೆ ಅವರು ಹೋಲ್‌ಸ್ಟರ್ ಎನ್ನುತ್ತಾರೆ. ಕತ್ತಿಗೆ ಒರೆ ಇದ್ದ ಹಾಗೆ ಪಿಸ್ತೂಲಿಗೆ ಇದು. ಪಿಸ್ತೂಲು ಠಾಣೆಯಲ್ಲೇ ಇತ್ತು, ಗಾಬರಿಯಾಗಬೇಡಿ.

"ದೊಡ್ಡಮ್ಮ, ಇದನ್ನ ಒಂಚೂರು ಆಲ್ಟರ್ ಮಾಡಿಕೊಡ್ತೀರಾ?"

"ಅಯ್ಯೋ, ಪಿಸ್ತೂಲಿನ ಚೀಲ ಆಲ್ಟರ್ ಮಾಡೋಕೆ ನಾನೇನು ಕಮ್ಮಾರ್ತಿಯೇನೇ?"

"ನೀವು ಒಂದ್ಸಲ ನೋಡಿ ಆಮೇಲೆ ಹೇಳಿ" ಎಂದು ಅಂಗಿಯ ಬದಿಯನ್ನು ಸ್ವಲ್ಪ ಎತ್ತಿದಳು. ಬಲಗಡೆಯ ಪಕ್ಕೆಲುಬಿನ ಕೆಳಗೆ ಒಂದು ನೀಲಿ ಕಲೆ. ಸೊಂಟದ ಮೂಳೆಯ ಮೇಲೆ ಇನ್ನೊಂದು, ಅದು ಹಳೆಯದಾಗಿ ಹಳದಿ ತಿರುಗಿತ್ತು. ಗಂಡನ ಮನೆಯಿಂದ ಬಂದ ಹುಡುಗಿಯ ಮೈಮೇಲೆ ಇಂಥ ಕಲೆ ಕಂಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಇದು ಕೆಲಸ ಕೊಟ್ಟ ಮನೆಯಿಂದ ಬಂದ ಕಲೆ.

ನಾನು ದರ್ಜಿಯ ಬುದ್ಧಿ ಉಪಯೋಗಿಸಿದೆ. ಮೊದಲು ಅವಳ ಅಪ್ಪನನ್ನು ಕರೆದು ಆ ಬೆಲ್ಟು ಕಟ್ಟಿದೆ. ಖಾಲಿ ಹೋಲ್‌ಸ್ಟರಿನೊಳಗೆ ನನ್ನ ಒಂದಡಿಯ ಮರದ ಸ್ಕೇಲು ತೂರಿಸಿದೆ. ಸ್ಕೇಲು ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಂತಿತು. ಅದೇ ಬೆಲ್ಟನ್ನು ಪುಟ್ಟಿಗೆ ಕಟ್ಟಿದೆ. ಸ್ಕೇಲಿನ ಕೆಳತುದಿ ಹೊರಕ್ಕೆ ಚಿಮ್ಮಿತು, ಮೇಲ್ತುದಿ ಒಳಕ್ಕೆ ವಾಲಿ ಸೀದಾ ಆ ನೀಲಿ ಕಲೆಗೇ ಚುಚ್ಚಿತು!

ಕಾರಣ ಹೊಲಿಗೆ ಕಲಿಯಲು ಬಂದ ಮೊದಲ ವಾರದ ಹುಡುಗಿಗೂ ಗೊತ್ತು. ಗಂಡಸಿನ ಸೊಂಟಕ್ಕೂ ಅದರ ಕೆಳಗಿನ ಸೀಟಿಗೂ ಅಳತೆಯಲ್ಲಿ ವ್ಯತ್ಯಾಸ ಕಡಿಮೆ. ಹೆಣ್ಣಿಗೆ ಸಾಮಾನ್ಯವಾಗಿ ಸೊಂಟ ಸಣ್ಣ, ಸೀಟು ಅಗಲ. ಹಾಗಾಗಿ ಸೊಂಟಕ್ಕೆ ಕಟ್ಟಿದ ಗಟ್ಟಿ ವಸ್ತುವಿನ ಬುಡವನ್ನು ಕೆಳಗಿನ ಅಗಲ ಹೊರಕ್ಕೆ ತಳ್ಳುತ್ತದೆ, ತಲೆ ಪಕ್ಕೆಗೆ ವಾಲುತ್ತದೆ. ಜೊತೆಗೆ ನಮ್ಮಲ್ಲಿ ಬಹಳ ಜನಕ್ಕೆ ಕಂಕುಳಿನಿಂದ ಸೊಂಟದವರೆಗಿನ ಉದ್ದವೂ ಕಡಿಮೆ. ಗಂಡಸಿಗೆ ಕೈಗೆ ಸಲೀಸಾಗಿ ಸಿಗುವ ಹಿಡಿ ಹೆಣ್ಣಿಗೆ ಕಂಕುಳವರೆಗೆ ಬಂದು ಕೂರುತ್ತದೆ. ಅದನ್ನು ಹೊರಗೆಳೆಯಬೇಕಾದರೆ ಮೊಣಕೈಯನ್ನು ಕಿವಿಯವರೆಗೆ ಎತ್ತಬೇಕು. ಲಂಗಕ್ಕೆ ಲಾಡಿ ಕಟ್ಟುವ ನಮಗೆಲ್ಲ ತಿಳಿದ ಸಂಗತಿ, ಬೆಲ್ಟು ಹೊಲಿಯುವವರಿಗೆ ತಿಳಿದಿಲ್ಲ.

ಮೈ ನೋವಿನ ಮಾತಷ್ಟೇ ಆಗಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಹೆಂಗಸರಿಗೆ ನೋವು ಹೊಸದೇ? ಪುಟ್ಟಿ ಹೇಳಿದ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತು.

ಒಂದು ಊರಿನ ರಥೋತ್ಸವ. ತೇರಿನ ಹಗ್ಗದ ಹತ್ತಿರ ನೂಕುನುಗ್ಗಲು. ಅವಳು ಜನರನ್ನು ಹಿಂದೆ ಸರಿಸುತ್ತಿದ್ದಾಗ ಬಲಸೊಂಟದ ಮೇಲೆ ಯಾರದೋ ಕೈ ಬಿತ್ತು. ನಾವೆಲ್ಲ ಬಸ್ಸಿನಲ್ಲಿ, ಜಾತ್ರೆಯಲ್ಲಿ ಬಲ್ಲ ಕೈ. ಪೊಲೀಸ್ ಬಟ್ಟೆ ತೊಟ್ಟರೂ ಆ ಕೈಗೆ ಹೆದರಿಕೆ ಇಲ್ಲವಲ್ಲ ಎಂದುಕೊಂಡು ತಿರುಗಿ ಬಾರಿಸಿದಳು. ಕೈ ಮಾಯವಾಯಿತು. ಆಮೇಲೆ ನೋಡಿದರೆ ಹೋಲ್‌ಸ್ಟರಿನ ಪಟ್ಟಿಯ ಗುಂಡಿ ಬಿಚ್ಚಿಕೊಂಡಿದೆ, ಪಿಸ್ತೂಲು ಅರ್ಧ ಬೆರಳಿನಷ್ಟು ಮೇಲೆದ್ದಿದೆ.

"ಆ ಕೈ ನನ್ನ ಸೊಂಟಕ್ಕೆ ಬಂದಿತ್ತೋ, ಪಿಸ್ತೂಲಿಗೆ ಬಂದಿತ್ತೋ ಇವತ್ತಿಗೂ ಗೊತ್ತಿಲ್ಲ ದೊಡ್ಡಮ್ಮ" ಎಂದಳು.

ಆ ಪಟ್ಟಿ ಸರಿಯಾಗಿ ಕೂರುವುದೇ ಇಲ್ಲವಂತೆ. ಹಿಡಿ ಪಕ್ಕೆಗೆ ಒತ್ತಿಕೊಂಡಿರುವುದರಿಂದ ಬಗ್ಗಿ ಎದ್ದಾಗಲೆಲ್ಲ ಗುಂಡಿ ಸಡಿಲವಾಗುತ್ತದೆ. ಮಾರನೆಯ ದಿನ ಮೇಲಿನವರಿಗೆ ಹೇಳಿದ್ದಾಳೆ. ಅವರೇನೂ ಕೆಟ್ಟವರಲ್ಲ, ಅಪ್ಪನ ವಯಸ್ಸಿನವರು. "ಅಡ್ಜಸ್ಟ್ ಮಾಡ್ಕೊಳ್ಳಮ್ಮ. ಎಲ್ಲರಿಗೂ ಅದೇ ಕೊಟ್ಟಿರೋದು" ಎಂದರಂತೆ.

ಅಡ್ಜಸ್ಟ್! ಕನ್ನಡದ ಹೆಣ್ಣಿಗೆ ಇಂಗ್ಲಿಷಿನ ಯಾವ ಪದ ಬರದಿದ್ದರೂ ಇದೊಂದು ಬರುತ್ತದೆ. ಅತ್ತೆಯ ಜೊತೆ ಅಡ್ಜಸ್ಟ್ ಮಾಡಿಕೊ, ಸೀಟಿಲ್ಲದ ಬಸ್ಸಿನಲ್ಲಿ ಅಡ್ಜಸ್ಟ್ ಮಾಡಿಕೊ, ಆಫೀಸಿನಲ್ಲಿ ಹೆಂಗಸರ ಶೌಚಾಲಯ ಇಲ್ಲ, ಅಡ್ಜಸ್ಟ್ ಮಾಡಿಕೊ. ಆದರೆ ಗುಂಡು ತುಂಬಿದ ಪಿಸ್ತೂಲಿನ ಜೊತೆ ಯಾರಾದರೂ ಅಡ್ಜಸ್ಟ್ ಮಾಡಿಕೊಳ್ಳುವುದುಂಟೇ? ಆ ತೇರಿನ ಮುಂದೆ ಇದ್ದ ಸಾವಿರಾರು ಜನರಲ್ಲಿ ನೀವಿರಬಹುದಿತ್ತು, ನಿಮ್ಮ ಹೆಗಲ ಮೇಲೆ ಮಗು ಇರಬಹುದಿತ್ತು.

ಈಗ "ಎಲ್ಲರಿಗೂ ಅದೇ" ಎಂಬ ಮಾತಿಗೆ ಬರೋಣ. ಪೊಲೀಸ್ ಅಧಿಕಾರಿಗಳು ಪರೇಡಿನ ದಿನ ಎದೆಯ ಮೇಲೆ ಓರೆಯಾಗಿ ತೊಡುವ ಚರ್ಮದ ಪಟ್ಟಿಯನ್ನು ನೋಡಿದ್ದೀರಲ್ಲವೇ? ಬಲಹೆಗಲಿನಿಂದ ಎಡಸೊಂಟಕ್ಕೆ ಇಳಿದು ಅಗಲವಾದ ಬೆಲ್ಟಿಗೆ ಸೇರುತ್ತದೆ. ಪುಟ್ಟಿಗೂ ಅದಿದೆ. ಅದರ ಹೆಸರು ಸ್ಯಾಮ್ ಬ್ರೌನ್ ಬೆಲ್ಟು. ಆ ಹೆಸರು ಹೇಗೆ ಬಂತು ಎಂದು ಹುಡುಕಿ ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

ಸ್ಯಾಮ್ ಬ್ರೌನ್ ಎನ್ನುವವನು ಬ್ರಿಟಿಷರ ಹಿಂದೂಸ್ತಾನಿ ಸೈನ್ಯದ ಕುದುರೆ ಪಡೆಯ ಅಧಿಕಾರಿ. ಹುಟ್ಟಿದ್ದು ಬಂಗಾಳದ ಬರಾಕ್‌ಪುರದಲ್ಲಿ, 1824ರಲ್ಲಿ. 1858ರ ಆಗಸ್ಟ್ 31ರಂದು, ನಮ್ಮವರ ದಂಗೆಯನ್ನು ಅಡಗಿಸಲು ಹೋದಾಗ, ಪೀಲಿಭೀತಿನ ಹತ್ತಿರದ ಕಾಳಗದಲ್ಲಿ ಅವನ ಎಡತೋಳು ಕತ್ತರಿಸಿ ಹೋಯಿತು. ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಿಕ್ಕಿತು. ಪದಕವೇನೋ ಸಿಕ್ಕಿತು, ಕತ್ತಿ ಎಳೆಯುವುದು ಹೇಗೆ? ಆಗಿನ ಕತ್ತಿಯ ಒರೆ ಸೊಂಟದಿಂದ ಜೋತಾಡುತ್ತಿತ್ತು. ಎಡಗೈಯಲ್ಲಿ ಒರೆಯನ್ನು ಹಿಡಿದುಕೊಂಡು ಬಲಗೈಯಲ್ಲಿ ಕತ್ತಿ ಸೆಳೆಯಬೇಕು. ಎಡಗೈಯೇ ಇಲ್ಲದವನು ಏನು ಮಾಡಬೇಕು? ಆತ ತನ್ನ ಮೈಗೆ ಹೊಂದುವಂತೆ ಒಂದು ಬೆಲ್ಟು ಮಾಡಿಸಿಕೊಂಡ. ಹೆಗಲ ಮೇಲಿನ ಓರೆಪಟ್ಟಿ ಕತ್ತಿಯ ಭಾರ ಹೊತ್ತು ಒರೆಯನ್ನು ಅಲುಗದಂತೆ ಹಿಡಿಯಿತು. ಬಲಗಡೆ ಪಿಸ್ತೂಲಿಗೆ ಮುಚ್ಚಳವಿರುವ ಒರೆ. ನೋಡಿದವರೆಲ್ಲ ಮೆಚ್ಚಿದರು. ಎರಡು ಕೈ ಇದ್ದವರೂ ಅದನ್ನೇ ತೊಟ್ಟರು. ಅರ್ಧ ಪ್ರಪಂಚದ ಸೈನ್ಯ, ಪೊಲೀಸಿಗೆ ಅದೇ ಮಾದರಿಯಾಯಿತು.

ಅಂದರೆ ನಮ್ಮ ಹುಡುಗಿ ಪರೇಡಿನ ದಿನ ತೊಡುವ ಆ ಪಟ್ಟಿಯೇ ಒಬ್ಬನ ಮೈಯ ಅಳತೆಗೆ ಮಾಡಿದ ಆಲ್ಟರೇಷನ್! ಒಂದು ತೋಳು ಇಲ್ಲದ ಒಬ್ಬ ಗಂಡಸಿಗಾಗಿ ಬೆಲ್ಟು ಬದಲಾಯಿತು, ಆಮೇಲೆ ಸೈನ್ಯಗಳೇ ಬದಲಾದವು. ಎರಡೂ ತೋಳು ಇರುವ, ಸೊಂಟವೂ ಇರುವ ಸಾವಿರಾರು ಹೆಣ್ಣುಮಕ್ಕಳಿಗಾಗಿ ಒಂದು ಅಂಗುಲ ಬದಲಾಗಲು ಏನಡ್ಡಿ?

ಒರೆಯನ್ನು ಮೈಗೆ, ಉಡುಪಿಗೆ, ಕೆಲಸಕ್ಕೆ ತಕ್ಕಂತೆ ಮಾಡುವುದು ಸಾಹೇಬರು ಕಲಿಸಿದ ವಿದ್ಯೆಯೂ ಅಲ್ಲ. ನಮ್ಮ ಕೊಡಗಿನಲ್ಲಿ ನೋಡಿ. ಕುಪ್ಯದ ಮೇಲೆ ಕಟ್ಟುವ ಸೊಂಟಪಟ್ಟಿಯಲ್ಲಿ ಪೀಚೆಕತ್ತಿ ಮುಂದೆ ಇರುತ್ತದೆ. ಅಗಲ ಬಾಯಿಯ ಒಡಿಕತ್ತಿಗೆ ಬೆನ್ನ ಹಿಂದೆ ಲೋಹದ ತೊಡಂಗ್ ಇರುತ್ತದೆ. ಯಾವ ಆಯುಧ ಎಲ್ಲಿದ್ದರೆ ಕೈಗೆ ಸಿಗುತ್ತದೆ, ನಡೆಯುವವನಿಗೆ ಅಡ್ಡವಾಗುವುದಿಲ್ಲ ಎಂದು ಯೋಚಿಸಿದ ಜನ ಅವರು. ಯೋಚಿಸುವುದನ್ನು ನಾವು ಯಾವಾಗ ಬಿಟ್ಟೆವು?

ಪುಟ್ಟಿ ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಅವಳನ್ನು ಫೋನಿನಲ್ಲಿ ಕಾಡಿದೆ, ಸಿಕ್ಕಿದ್ದನ್ನು ಓದಿದೆ. ಹೋಲ್‌ಸ್ಟರ್ ಎಂದರೆ ಪಿಸ್ತೂಲನ್ನು ಬೇಗ ಹೊರಗೆ ತೆಗೆಯುವ ಸಾಧನ ಎಂದು ಸಿನಿಮಾ ನೋಡಿ ನಾನು ತಿಳಿದಿದ್ದೆ. ಅದು ತಪ್ಪು. ಒರೆಯ ಮೊದಲ ಕೆಲಸ ಆಯುಧವನ್ನು ಒಳಗೆ ಇರಿಸಿಕೊಳ್ಳುವುದು. ದಿನವಿಡೀ, ವರ್ಷವಿಡೀ ಅದು ಒಳಗೇ ಇರುತ್ತದೆ, ಇರಬೇಕು. ನನಗೆ ಬಂದೂಕಿನ ಮೇಲೆ ಪ್ರೀತಿಯಿಲ್ಲ. ಊರಲ್ಲಿ ಪಿಸ್ತೂಲುಗಳು ಕಡಿಮೆಯಾದಷ್ಟೂ ನನಗೆ ಸಮಾಧಾನ. ಆದರೆ ಸರ್ಕಾರವೇ ಒಂದು ಹುಡುಗಿಯ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಮೇಲೆ ಅದನ್ನು ಹಿಡಿದಿಡುವ ಚೀಲ ನೆಟ್ಟಗಿರಬೇಕು ಎಂದು ಕೇಳುವುದು ಬಂದೂಕಿನ ಭಕ್ತಿಯಲ್ಲ, ಬದುಕಿನ ಆಸೆ.

ನಿಮ್ಮ ಮನೆಯ ಹುಡುಗಿಯೂ ಈ ಕೆಲಸಕ್ಕೆ ಸೇರಿದ್ದರೆ, ಕೈಯಿಂದ ದುಡ್ಡು ಹಾಕಿ ಪೊಲೀಸ್ ಸಾಮಾನಿನ ಅಂಗಡಿಯಲ್ಲಿ ಹೋಲ್‌ಸ್ಟರ್ ಕೊಳ್ಳುವ ಪ್ರಸಂಗ ಬಂದರೆ, ಈ ನಾಲ್ಕು ಮಾತು ನೆನಪಿರಲಿ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ಇದನ್ನು ಕಣ್ಣುಮುಚ್ಚಿ ಕೊಳ್ಳಬಾರದು.

ಮೊದಲನೆಯದು, ಒರೆ ಆ ಪಿಸ್ತೂಲಿಗೆಂದೇ ಮಾಡಿದ್ದಾಗಿರಬೇಕು. "ಯಾವ ಪಿಸ್ತೂಲಾದರೂ ಹಿಡಿಯುತ್ತೆ ಮೇಡಂ" ಎಂದು ತೋರಿಸುವ ಮೆತ್ತನೆಯ ನೈಲಾನ್ ಚೀಲ ಬೇಡ. ಎಲ್ಲರಿಗೂ ಆಗುವ ರವಿಕೆ ಯಾರಿಗೂ ಆಗುವುದಿಲ್ಲ. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಪೂರ್ತಿ ಮುಚ್ಚಿರಬೇಕು. ಹೊರಗಿನಿಂದ ಒತ್ತಿದರೂ ಬೆರಳಾಗಲಿ, ಅಂಗಿಯ ಚುಂಗಾಗಲಿ ಅಲ್ಲಿಗೆ ಹೋಗಕೂಡದು. ಅದಕ್ಕೇ ಈಗ ಗಟ್ಟಿ ಪ್ಲಾಸ್ಟಿಕ್ಕಿನ ಒರೆಗಳು ಹೆಚ್ಚು ಬಳಕೆಯಲ್ಲಿವೆ. ಚರ್ಮ ಒಳ್ಳೆಯದೇ, ಆದರೆ ಬೆವರು ಕುಡಿದು ಹಳೆಯದಾದ ಚರ್ಮ ಮೆತ್ತಗಾಗಿ ಬಾಯಿ ಮಡಚಿಕೊಳ್ಳುತ್ತದೆ. ಆ ಮಡಿಕೆಯೇ ಟ್ರಿಗರಿಗೆ ಸಿಕ್ಕಿಹಾಕಿಕೊಂಡರೆ ಅನಾಹುತ.

ಎರಡನೆಯದು, ಬೀಗ. ಸಮವಸ್ತ್ರದಲ್ಲಿ ಜನರ ನಡುವೆ ನಿಲ್ಲುವವರ ಪಿಸ್ತೂಲು ಎಲ್ಲರಿಗೂ ಕಾಣುತ್ತದೆ. ಹಿಂದಿನಿಂದ ಎಳೆದರೆ ಬರಕೂಡದು. ತೊಟ್ಟವಳ ಹೆಬ್ಬೆರಳಿಗೆ ಸುಲಭವಾಗಿ ಬಿಚ್ಚುವ, ಬೇರೆಯವರ ಕೈಗೆ ಬಿಚ್ಚದ ಬೀಗ ಬೇಕು. ತೋರುಬೆರಳಿನಿಂದ ಗುಂಡಿ ಒತ್ತಿ ಬಿಚ್ಚುವ ಮಾದರಿಗಳೂ ಇವೆ. ಅವಸರದಲ್ಲಿ ಒತ್ತುತ್ತಲೇ ಎಳೆದ ಆ ಬೆರಳು ನೇರವಾಗಿ ಟ್ರಿಗರಿನ ಮೇಲೆ ಬೀಳುವ ಅಪಾಯವಿದೆ. ಹೆಬ್ಬೆರಳಿನದೇ ಕ್ಷೇಮ.

ಮೂರನೆಯದು, ಬೆಲ್ಟು. ಒರೆ ಎಷ್ಟೇ ಚೆನ್ನಾಗಿದ್ದರೂ ಬೆಲ್ಟು ಮೆತ್ತಗಿದ್ದರೆ ಕೊಡ ಹೊತ್ತವಳ ಸಿಂಬಿ ಜಾರಿದ ಹಾಗೆ. ಲಾಠಿ, ವಾಕಿಟಾಕಿ, ಕೋಳ, ಪಿಸ್ತೂಲು ಎಲ್ಲ ಅದಕ್ಕೇ ನೇತಾಡಬೇಕು. ಗಟ್ಟಿಯಾದ ಬೆಲ್ಟು ಬೇಕು. ಹೆಣ್ಣಿನ ಸೊಂಟದ ಇಳಿಜಾರಿಗೆ ಬಾಗಿಸಿ ಕತ್ತರಿಸಿದ್ದಾದರೆ ಇನ್ನೂ ಒಳ್ಳೆಯದು. ಪ್ಯಾಂಟಿಗೆ ಬಾಗಿದ ಪಟ್ಟಿ ಕತ್ತರಿಸುವುದು ನನಗೆ ಹತ್ತು ನಿಮಿಷದ ಕೆಲಸ. ದೊಡ್ಡ ಕಾರ್ಖಾನೆಗಳಿಗೆ ಅಷ್ಟು ಕಷ್ಟವೇ?

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಬುಲೆಟ್‌ಪ್ರೂಫ್ ಜಾಕೆಟ್ ತೊಟ್ಟುಕೊಂಡು ನೋಡಬೇಕು. ಬರಿಯ ಅಂಗಿಯ ಮೇಲೆ ಸರಿ ಕಂಡ ಒರೆ ಜಾಕೆಟ್ ತೊಟ್ಟೊಡನೆ ಅದರ ಅಂಚಿನ ಕೆಳಗೆ ಹೂತುಹೋಗುತ್ತದೆ. ಹಿಡಿಗೆ ಕೈ ಹಾಕಿದರೆ ಜಾಕೆಟ್ಟೇ ಸಿಗುತ್ತದೆ. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ನುಗ್ಗಿ ಒತ್ತೆಯಾಳುಗಳನ್ನು ಬಿಡಿಸಿದ ಬ್ರಿಟಿಷ್ ಕಮಾಂಡೋಗಳ ಚಿತ್ರಗಳು ಪ್ರಪಂಚದ ಎಲ್ಲ ಪತ್ರಿಕೆಗಳಲ್ಲೂ ಬಂದವು. ಅವರ ಪಿಸ್ತೂಲು ತೊಡೆಗೆ ಕಟ್ಟಿತ್ತು, ಏಕೆಂದರೆ ಸೊಂಟದ ಮೇಲೆಲ್ಲ ಕವಚ ತುಂಬಿತ್ತು. ಅಲ್ಲಿಂದ ತೊಡೆಯ ಹೋಲ್‌ಸ್ಟರ್ ಒಂದು ಮೋಜೇ ಆಗಿಹೋಯಿತು. ಸಿನಿಮಾ ನಾಯಕಿಯರು ಮೊಣಕಾಲಿನವರೆಗೆ ಇಳಿಬಿಟ್ಟು ನಡೆದರು. ಅಷ್ಟು ಕೆಳಗೆ ಕಟ್ಟಿದ್ದು ಓಡುವಾಗ ಗಂಟೆಯ ನಾಲಿಗೆಯ ಹಾಗೆ ಬಡಿಯುತ್ತದೆ, ಮೆಟ್ಟಿಲಿನಲ್ಲಿ ಎಡವಿಸುತ್ತದೆ. ಬೆಲ್ಟಿಗಿಂತ ಒಂದೆರಡು ಅಂಗುಲ ಮಾತ್ರ ಕೆಳಗೆ, ಜಾಕೆಟ್ಟಿನ ಅಂಚು ತಪ್ಪುವಷ್ಟು ಮಾತ್ರ, ತೊಡೆಯ ಮೇಲ್ಭಾಗಕ್ಕೆ ಒಂದು ಪಟ್ಟಿ ಕಟ್ಟಿ ಇಳಿಸಿದರೆ ಸಾಕು. ಒರೆಗೂ ಬೆಲ್ಟಿಗೂ ನಡುವೆ ಒಂದು ತುಂಡು ಆನಿಕೆ ಕೊಟ್ಟು ಹಿಡಿಯನ್ನು ಪಕ್ಕೆಯಿಂದ ದೂರ ಸರಿಸಬಹುದು. ಇವೆಲ್ಲ ಬಿಡಿ ಸಾಮಾನುಗಳಾಗಿ ಸಿಗುತ್ತವೆ, ಚಂದ್ರಲೋಕದಿಂದ ತರಬೇಕಾಗಿಲ್ಲ. ಬೆನ್ನ ನಡುವೆ ಮಾತ್ರ ಕಟ್ಟಬೇಡಿ. ಬಿದ್ದರೆ ಕಬ್ಬಿಣದ ಗಡ್ಡೆಯ ಮೇಲೆ ಬೆನ್ನುಮೂಳೆ ಬಿದ್ದ ಹಾಗಾಗುತ್ತದೆ. ಎಲ್ಲ ತೊಟ್ಟುಕೊಂಡು ಕೂತು, ಎದ್ದು, ಜೀಪು ಹತ್ತಿ, ಓಡಿ ನೋಡಿ ಆಮೇಲೆ ದುಡ್ಡು ಕೊಡಬೇಕು.

ಇನ್ನೊಂದು ಮಾತು ಗಂಡಸರು ಬರೆದ ಯಾವ ಪುಸ್ತಕದಲ್ಲೂ ನನಗೆ ಕಾಣಲಿಲ್ಲ. ಪುಟ್ಟಿ ಸಂಕೋಚದಿಂದ ಹೇಳಿದಳು, ನಾನು ಸಂಕೋಚವಿಲ್ಲದೆ ಬರೆಯುತ್ತೇನೆ. ಗಂಡಸು ಮೂತ್ರಕ್ಕೆ ಹೋದರೆ ಬೆಲ್ಟು ಬಿಚ್ಚುವುದಿಲ್ಲ. ಹೆಣ್ಣು ಇಡೀ ಬೆಲ್ಟನ್ನೇ ಬಿಚ್ಚಬೇಕು, ತೊಡೆಯ ಪಟ್ಟಿಯಿದ್ದರೆ ಅದನ್ನೂ. ಬಿಚ್ಚಿ ಎಲ್ಲಿಡಬೇಕು? ಬಸ್‌ಸ್ಟ್ಯಾಂಡಿನ ಶೌಚಾಲಯದ ಒದ್ದೆ ನೆಲದ ಮೇಲೆಯೇ? ಚಿಲಕವಿಲ್ಲದ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು, ಗುಂಡು ತುಂಬಿದ ಪಿಸ್ತೂಲನ್ನು ಕೊರಳಿಗೆ ಹಾಕಿಕೊಂಡೇ? ಅದಕ್ಕೇ ಬಂದೋಬಸ್ತಿನ ದಿನ ನಮ್ಮ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. "ಹೆಂಗಸರಿಗೆ ಆಯುಧ ಕೊಟ್ಟರೆ ಎಲ್ಲಾದರೂ ಮರೆತು ಬರುತ್ತಾರೆ" ಎಂದು ನಗುವವರಿಗೆ ಒಂದು ವಿಷಯ ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮಾಜಿ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಅವರ ಅಂಗರಕ್ಷಕ ವಿಮಾನದ ಶೌಚಾಲಯದಲ್ಲಿ ಪಿಸ್ತೂಲು ಬಿಟ್ಟು ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವನು ಗಂಡಸು. ಮರೆವಿಗೆ ಗಂಡು ಹೆಣ್ಣಿಲ್ಲ. ಬೆಲ್ಟು ಬಿಚ್ಚಿದರೂ ಒರೆಯಿಂದ ಪಿಸ್ತೂಲು ಜಾರದಂತೆ ಬೀಗವಿರಬೇಕು, ಶೌಚಾಲಯದ ಗೋಡೆಯಲ್ಲಿ ಒಂದು ಗಟ್ಟಿ ಕೊಕ್ಕೆ ಇರಬೇಕು. ಕೊಕ್ಕೆಯ ಬೆಲೆ ಎಷ್ಟೆಂದು ಗುಜರಿ ಅಂಗಡಿಯಲ್ಲಿ ಕೇಳಿ ನೋಡಿ.

ನಾನು ಇದನ್ನೆಲ್ಲ ಹೇಳಿದಾಗ ನಮ್ಮ ಬೀದಿಯ ನಿವೃತ್ತರೊಬ್ಬರು ಒಂದು ಪ್ರಶ್ನೆ ಹಾಕಿದರು: "ಸಮಾನತೆ ಬೇಕು ಅಂತೀರಿ, ಆಮೇಲೆ ಬೇರೆ ಬೆಲ್ಟು ಬೇಕು ಅಂತೀರಿ. ಇದ್ಯಾವ ನ್ಯಾಯ ತಾಯಿ?"

ನಾನು ಅವರ ಕಾಲು ನೋಡಿದೆ. ಒಂಬತ್ತನೆಯ ಅಳತೆಯ ಚಪ್ಪಲಿ ಮೆಟ್ಟಿದ್ದರು. "ನಿಮ್ಮ ಯಜಮಾನ್ತಿಯವರಿಗೂ ಒಂಬತ್ತನೇ ನಂಬರೇ ತಂದುಕೊಡ್ತೀರಾ ಸಾರ್?" ಎಂದು ಕೇಳಿದೆ. ಎಲ್ಲರಿಗೂ ಒಂದೇ ಅಳತೆ ಕೊಡುವುದು ಸಮಾನತೆಯಲ್ಲ. ಎಲ್ಲರಿಗೂ ಅವರವರ ಅಳತೆಯದನ್ನು ಕೊಡುವುದು ಸಮಾನತೆ. ಗಂಡಸಿಗೆ ಅದು ಕೇಳದೆಯೇ ಸಿಕ್ಕಿದೆ, ಆದ್ದರಿಂದ ಅದು ಅವನ ಅಳತೆ ಎಂಬುದೇ ಅವನಿಗೆ ಮರೆತುಹೋಗಿದೆ.

ಅಳತೆ ತಪ್ಪಿದರೆ ಏನಾಗುತ್ತದೆ? 1997ರಲ್ಲಿ ಲಂಡನ್ನಿನಲ್ಲಿ ಒಬ್ಬ ಯುವತಿ ಪೊಲೀಸು ಒಬ್ಬನನ್ನು ಹಿಡಿಯಲು ಬಾಗಿಲು ಒಡೆಯಬೇಕಾಗಿತ್ತು. ತೊಟ್ಟಿದ್ದ ಕವಚದಲ್ಲಿ ಬಾಗಿಲು ಗುದ್ದುವ ದಿಮ್ಮಿಯನ್ನು ಬೀಸಲು ಆಗುತ್ತಿರಲಿಲ್ಲ. ಕವಚ ಕಳಚಿಟ್ಟು ಒಳಗೆ ನುಗ್ಗಿದಳು. ಇರಿತಕ್ಕೆ ಸಿಕ್ಕಿ ಸತ್ತಳು. ಆಕೆಯ ತಪ್ಪು ಎನ್ನುತ್ತೀರಾ? ಕವಚ ಇರುವುದು ಕೆಲಸ ಮಾಡುವಾಗ ತೊಡಲಿಕ್ಕೆ. ಕೆಲಸ ಮಾಡಲು ಕಳಚಬೇಕಾದ ಕವಚ ಕವಚವಲ್ಲ. ಅಮೆರಿಕದ ಸೈನ್ಯವೂ ಹೆಣ್ಣುಮಕ್ಕಳ ಮೈಗೆ ಒಗ್ಗುವ ಕವಚವನ್ನು ಪ್ರಯೋಗಕ್ಕೆ ತಂದದ್ದು 2012ರ ಸುಮಾರಿಗೆ. ಅಷ್ಟು ಹೊತ್ತಿಗೆ ಅವರು ಎಷ್ಟು ಯುದ್ಧ ಮಾಡಿ ಮುಗಿಸಿದ್ದರು!

ನಮ್ಮಲ್ಲಿ ಏನೂ ಆಗಿಲ್ಲ ಎನ್ನಲಾರೆ. ಕೇಂದ್ರ ಮೀಸಲು ಪಡೆಯಲ್ಲಿ ಮೊದಲ ಮಹಿಳಾ ಬೆಟಾಲಿಯನ್ ಕಟ್ಟಿದ್ದು 1986ರಲ್ಲಿ. 2007ರಲ್ಲಿ ನಮ್ಮ ಹೆಣ್ಣುಮಕ್ಕಳ ಪಡೆ ವಿಶ್ವಸಂಸ್ಥೆಯ ಪರವಾಗಿ ಆಫ್ರಿಕದ ಲೈಬೀರಿಯಕ್ಕೆ ಹೋಗಿ ಕಾವಲು ಕಾಯಿತು. 2018ರಲ್ಲಿ ದಿಲ್ಲಿ ಪೊಲೀಸರು ಈಶಾನ್ಯ ರಾಜ್ಯಗಳ 36 ಹುಡುಗಿಯರ ಕಮಾಂಡೋ ತಂಡ ಮಾಡಿದರು. ಅದೇ 2018ರಲ್ಲಿ, ರಾಜ್ಯದ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆ ನೀಲಮಣಿ ರಾಜು ಅವರ ಕಾಲದಲ್ಲಿ, ನಮ್ಮ ಪೊಲೀಸ್ ಹೆಣ್ಣುಮಕ್ಕಳು ಸೀರೆಯ ಬದಲು ಪ್ಯಾಂಟು ಅಂಗಿ ತೊಡಬೇಕೆಂಬ ಆದೇಶ ಬಂತು. ಆಗ "ಅಯ್ಯೋ, ಸಂಸ್ಕೃತಿ!" ಎಂದವರಿದ್ದರು. ಖಾಕಿ ಸೀರೆಯ ನೆರಿಗೆ ಹಿಡಿದುಕೊಂಡು ಕಳ್ಳನ ಹಿಂದೆ ಓಡಬೇಕಾಗಿದ್ದವರು ಮಾತ್ರ ಹಾಗೆನ್ನಲಿಲ್ಲ. ಸೀರೆ ಬಿಡಿಸಿ ಪ್ಯಾಂಟು ಕೊಟ್ಟ ಬುದ್ಧಿ ಸೊಂಟದವರೆಗೆ ಬಂದು ನಿಂತಿದೆ. ಬೆಲ್ಟಿನವರೆಗೂ ಬರಲಿ ಎಂದಷ್ಟೇ ನಾನು ಕೇಳುವುದು.

ಬಂದರೂ ಹೇಗೆ ಬರುತ್ತದೋ ಎಂಬ ಹೆದರಿಕೆಯೂ ಇದೆ. ಹೆಣ್ಣಿಗೆ ಎಂದೊಡನೆ ವ್ಯಾಪಾರಿಗಳು ಗುಲಾಬಿ ಬಣ್ಣ ಬಳಿಯುತ್ತಾರೆ. ಅಮೆರಿಕದಲ್ಲಿ ಗುಲಾಬಿ ಹೋಲ್‌ಸ್ಟರುಗಳಿವೆ, ಪಿಸ್ತೂಲಿಗೆಂದೇ ಖಾನೆ ಹೊಲಿದ ಕೈಚೀಲಗಳಿವೆ. 2014ರ ಡಿಸೆಂಬರಿನಲ್ಲಿ ಅಲ್ಲಿನ ಐಡಹೋ ರಾಜ್ಯದ ಒಂದು ಅಂಗಡಿಯಲ್ಲಿ, ತಾಯಿಯ ಅಂಥ ಕೈಚೀಲದ ಜಿಪ್ಪು ಎಳೆದು ಎರಡು ವರ್ಷದ ಮಗು ಪಿಸ್ತೂಲನ್ನು ಮುಟ್ಟಿತು. ಗುಂಡು ಹಾರಿ ತಾಯಿ ಸತ್ತಳು. ಮಗುವಿಗೆ ಏನು ಗೊತ್ತು? ಅಮ್ಮನ ಚೀಲದಲ್ಲಿ ಬಿಸ್ಕತ್ತು ಇರುತ್ತದೆ ಎಂದಷ್ಟೇ ಯಾವ ಮಗುವಿಗಾದರೂ ಗೊತ್ತು. ಒರೆ ಮೈಗೆ ಅಂಟಿರಬೇಕು, ಟ್ರಿಗರ್ ಮುಚ್ಚಿರಬೇಕು, ಬೀಗ ಬಿದ್ದಿರಬೇಕು. ಚಂದಕ್ಕೆ ಹೊಲಿದ ಚೀಲ ಇದ್ಯಾವುದನ್ನೂ ಮಾಡುವುದಿಲ್ಲ. ನಮಗೆ ಬೇಕಾದದ್ದು ನಮ್ಮ ಬಣ್ಣವಲ್ಲ, ನಮ್ಮ ಅಳತೆ.

ಪ್ರತಿ ವರ್ಷ ನವೆಂಬರ್ 11ರಂದು ನಾವು ಒನಕೆ ಓಬವ್ವನ ಜಯಂತಿ ಮಾಡುತ್ತೇವೆ. ಭಾಷಣಗಳಲ್ಲಿ ಅವಳ ಧೈರ್ಯವನ್ನು ಹೊಗಳುತ್ತೇವೆ. ಹೊಗಳಬೇಕಾದದ್ದೇ. ಆದರೆ ದರ್ಜಿಯ ಕಣ್ಣಿಗೆ ಇನ್ನೊಂದು ಕಾಣುತ್ತದೆ. ಕೋಟೆಯ ಕಿಂಡಿಯ ಬಳಿ ಅವಳು ಎತ್ತಿಕೊಂಡದ್ದು ದಿನವೂ ಭತ್ತ ಕುಟ್ಟಿ ಕೈಗೆ ಪಳಗಿದ್ದ ಒನಕೆಯನ್ನು. ಅದರ ತೂಕ ಅವಳ ತೋಳಿಗೆ ಗೊತ್ತಿತ್ತು, ಅದರ ದಪ್ಪ ಅವಳ ಹಿಡಿಗೆ ಗೊತ್ತಿತ್ತು. ಗಂಡನ ಕತ್ತಿ ಹುಡುಕುತ್ತ, ಅದರ ಬೆಲ್ಟು ಬಿಗಿದುಕೊಳ್ಳುತ್ತ ಕೂತಿದ್ದರೆ ಚಿತ್ರದುರ್ಗದ ಕಥೆ ಆ ದಿನವೇ ಮುಗಿಯುತ್ತಿತ್ತು. ಓಬವ್ವನ ಹೆಸರಿನಲ್ಲಿ ಹೆಣ್ಣುಮಕ್ಕಳ ಪಡೆ ಕಟ್ಟಿದರೆ ಸಾಲದು, ಅವರ ಕೈಗೆ ಒಗ್ಗಿದ ಒನಕೆಯನ್ನೂ ಕೊಡಬೇಕು.

ಹಾಗಾದರೆ ಪುಟ್ಟಿಯ ಬೆಲ್ಟನ್ನು ನಾನು ಆಲ್ಟರ್ ಮಾಡಿಕೊಟ್ಟೆನೇ ಎಂದು ಕೇಳುತ್ತೀರಿ. ಇಲ್ಲ. ಸೂಜಿ ಕೈಗೆ ತೆಗೆದುಕೊಂಡಿದ್ದೆ, ಇಟ್ಟುಬಿಟ್ಟೆ. ರವಿಕೆಯ ಹೊಲಿಗೆ ಬಿಚ್ಚಿದರೆ ಮಾನ ಹೋದೀತು, ಇದರ ಹೊಲಿಗೆ ಬಿಚ್ಚಿದರೆ ಪ್ರಾಣ ಹೋದೀತು. ಪ್ರಾಣದ ವಸ್ತುವನ್ನು ದೊಡ್ಡಮ್ಮನ ಮಳಿಗೆಯಲ್ಲಿ ತೇಪೆ ಹಾಕಿಸಿಕೊಳ್ಳುವ ಗತಿ ನಮ್ಮ ಹುಡುಗಿಗೆ ಬರಕೂಡದು. ಅಡ್ಜಸ್ಟ್ ಮಾಡಿಕೊಟ್ಟರೆ ನಾನೂ ಆ ಮಾತಿನವರ ಕಡೆಯೇ ಆದೆನಲ್ಲ!

ಬದಲಿಗೆ ಅವಳನ್ನು ನಿಲ್ಲಿಸಿ ಅಳತೆ ತೆಗೆದೆ. ಸೊಂಟ, ಸೀಟು, ಎರಡರ ವ್ಯತ್ಯಾಸ, ಕಂಕುಳಿನಿಂದ ಸೊಂಟಕ್ಕೆ ಉದ್ದ, ತೋಳಿನ ಉದ್ದ, ಅಂಗೈ ಅಗಲ. ಜಾಕೆಟ್ ತೊಟ್ಟಾಗ ಅದರ ಅಂಚು ಎಲ್ಲಿಗೆ ಬರುತ್ತದೆ ಎಂದು ಠಾಣೆಗೆ ಹೋದ ಮೇಲೆ ಅಳೆದು ಸೇರಿಸಲು ಒಂದು ಸಾಲು ಖಾಲಿ ಬಿಟ್ಟೆ. ಗಿರಾಕಿಗಳ ಪುಸ್ತಕದಿಂದ ಹಾಳೆ ಹರಿದು ಎಲ್ಲವನ್ನೂ ಬರೆದುಕೊಟ್ಟು, "ಇದನ್ನ ಅರ್ಜಿ ಜೊತೆ ಲಗತ್ತಿಸು. ನಿನ್ನ ಜೊತೆ ಕೆಲಸ ಮಾಡೋ ಹುಡುಗಿಯರದ್ದೂ ಹೀಗೇ ಬರೆದು ಸೇರಿಸು. ಒಬ್ಬಳ ಹಾಳೆ ಹೋದರೆ ಕಸದ ಬುಟ್ಟಿ, ಹತ್ತು ಹಾಳೆ ಹೋದರೆ ಕಡತ" ಎಂದೆ.

ಹನ್ನೊಂದು ಹಾಳೆ ಸೇರಿಸಿ ಕೊಟ್ಟಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ.

ಈ ಪುಸ್ತಕ ಓದುವ ನೀವು ಹೊಲಿಗೆ ಬಲ್ಲವರಾಗಿರಬಹುದು, ಬಲ್ಲದಿರಬಹುದು. ಮನೆಯಲ್ಲಿ ಒಂದು ಟೇಪಂತೂ ಇದ್ದೇ ಇರುತ್ತದೆ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಖಾಕಿ ತೊಟ್ಟ ಹುಡುಗಿಯಿದ್ದರೆ ಹಬ್ಬಕ್ಕೆ ಕರೆಯಿರಿ, ಕುಂಕುಮ ಕೊಡಿ. ಆಮೇಲೆ ಒಮ್ಮೆ, "ಬೆಲ್ಟು ಎಲ್ಲಿ ಚುಚ್ಚುತ್ತಮ್ಮ?" ಎಂದು ಕೇಳಿ. ಅವಳನ್ನು ಯಾರೂ ಇದುವರೆಗೆ ಕೇಳಿರುವುದಿಲ್ಲ.